ಪಾದ ಒತ್ತಡ ಚಿಕಿತ್ಸೆ: ದಣಿವಿಗೆ ಹಿತ, ರೋಗಕ್ಕೆ ಔಷಧವಲ್ಲ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವರು, ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ನಿಂತೇ ದುಡಿಯುವವರು, ಕುರುಗೋಡಿನ ಅಂಗಡಿಗಳಲ್ಲಿ ಕಾಲು ಮಡಚಿ ಲೆಕ್ಕ ಬರೆಯುವವರು, ಎಲ್ಲರಿಗೂ ಸಂಜೆಯ ವೇಳೆಗೆ ಕಾಲು ಸೋಲುವುದು ಸಾಮಾನ್ಯ. ಈ ದಣಿವಿಗೆ ಪರಿಹಾರವೆಂದು ರಿಫ್ಲೆಕ್ಸಾಲಜಿ, ಅಂದರೆ ಪಾದ ಒತ್ತಡ ಚಿಕಿತ್ಸೆಯ ಹೆಸರು ಕೇಳಿಬರುತ್ತದೆ. ಅದರಿಂದ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ವರ್ತಕ ಬಾಂಧವರು ತಿಳಿದಿರುವುದು ಒಳಿತು.

ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞ ಡಾ. ವಿಲಿಯಂ ಫಿಟ್ಜ್‌ಜೆರಾಲ್ಡ್ ಅವರು ದೇಹವನ್ನು ಉದ್ದುದ್ದವಾಗಿ ಹತ್ತು ವಲಯಗಳಾಗಿ ವಿಭಾಗಿಸಿ, 1917ರಲ್ಲಿ ಈ ವಿಚಾರವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. 1930ರ ದಶಕದಲ್ಲಿ ಯೂನಿಸ್ ಇಂಗ್ಹ್ಯಾಮ್ ಎಂಬ ಮಹಿಳೆ ಅದನ್ನು ಅಂಗಾಲಿನ ನಕ್ಷೆಯನ್ನಾಗಿ ಬೆಳೆಸಿದರು. ಆ ನಕ್ಷೆಯ ಪ್ರಕಾರ ಬೆರಳುಗಳು ತಲೆಗೆ, ಬೆರಳಿನ ಬುಡದ ದಪ್ಪ ಭಾಗ ಎದೆಗೆ, ನಡುವಿನ ಕಮಾನು ಜಠರ ಮತ್ತು ಮೂತ್ರಪಿಂಡಗಳಿಗೆ, ಹಿಮ್ಮಡಿ ಸೊಂಟದ ಕೆಳಭಾಗಕ್ಕೆ ಸಂಬಂಧಿಸಿವೆ.

ನಮ್ಮ ಮನೆಗಳಲ್ಲಿ ಹಿರಿಯರು ಮಲಗುವ ಮುನ್ನ ಅಂಗಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ರೂಢಿ ಇದಕ್ಕಿಂತ ಬಹಳ ಹಳೆಯದು. ಆಯುರ್ವೇದದ ದಿನಚರ್ಯೆಯಲ್ಲಿ ಪಾದಾಭ್ಯಂಗಕ್ಕೆ ವಿಶೇಷ ಸ್ಥಾನವಿದೆ. ಆದರೆ ಎರಡೂ ಒಂದೇ ಅಲ್ಲ. ಪಾದಾಭ್ಯಂಗದಲ್ಲಿ ಎಣ್ಣೆ ಮತ್ತು ತಿಕ್ಕುವಿಕೆ ಮುಖ್ಯ. ರಿಫ್ಲೆಕ್ಸಾಲಜಿಯಲ್ಲಿ ಹೆಬ್ಬೆರಳಿನಿಂದ ಗೊತ್ತಾದ ಬಿಂದುಗಳನ್ನು ಒತ್ತುವುದು ಮುಖ್ಯ.

ಅಂಗಾಲಿನ ಬಿಂದುವಿಗೂ ದೂರದ ಅಂಗಕ್ಕೂ ಇಂತಹ ಸಂಬಂಧವಿದೆಯೆಂದು ಶರೀರಶಾಸ್ತ್ರ ಒಪ್ಪುವುದಿಲ್ಲ. 2009ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಸಂಶೋಧಕ ಎಡ್ಜಾರ್ಡ್ ಅರ್ನ್ಸ್ಟ್ 18 ಪ್ರಯೋಗಗಳನ್ನು ಪರಿಶೀಲಿಸಿ, ಯಾವುದೇ ಕಾಯಿಲೆಗೆ ಇದು ಪರಿಣಾಮಕಾರಿಯೆಂಬುದಕ್ಕೆ ಮನವೊಪ್ಪುವ ಆಧಾರವಿಲ್ಲವೆಂದು ತೀರ್ಮಾನಿಸಿದರು. ಹಾಗೆಂದು ಅದರಿಂದ ಸಿಗುವ ಹಿತವನ್ನು ಸುಳ್ಳೆನ್ನಲಾಗದು. ಅರ್ಧ ಗಂಟೆ ಮೊಬೈಲ್ ಬದಿಗಿಟ್ಟು, ಕಾಲು ಚಾಚಿ ಕುಳಿತು, ಮತ್ತೊಬ್ಬರ ಕೈಯ ಹದವಾದ ಒತ್ತಡ ಪಡೆದರೆ ಸ್ನಾಯುಗಳು ಸಡಿಲಗೊಳ್ಳುತ್ತವೆ, ಮನಸ್ಸು ಹಗುರಾಗುತ್ತದೆ. ವಸೂಲಿ, ಬಡ್ಡಿ, ಜಿ.ಎಸ್.ಟಿ. ಲೆಕ್ಕಗಳ ನಡುವೆ ಇದೇನೂ ಸಣ್ಣ ಲಾಭವಲ್ಲ.

ಅಪಾಯವಿರುವುದು ಮಧುಮೇಹಿಗಳಿಗೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸೂಕ್ಷ್ಮತೆ ಕಳೆದುಕೊಂಡಿದ್ದರೆ ಒತ್ತಡ ಹೆಚ್ಚಾದದ್ದಾಗಲಿ, ನೀರು ಸುಡುತ್ತಿರುವುದಾಗಲಿ ತಿಳಿಯುವುದಿಲ್ಲ. ಮರದ ರೋಲರಿನಿಂದ ತರಚಿದ ಗಾಯ ನೋವಿಲ್ಲದ ಕಾರಣ ಗಮನಕ್ಕೇ ಬಾರದೆ ಹುಣ್ಣಾಗಬಹುದು. ರಕ್ತಸಂಚಾರವೂ ಕುಂದಿದ್ದರೆ ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿ ಬರಬಹುದು. ಬೇಸಿಗೆಯಲ್ಲಿ ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆಯುವ ನಮ್ಮ ಜಿಲ್ಲೆಯ ಜನರು ಈ ಮಾತನ್ನು ಮನಸ್ಸಿನಲ್ಲಿಡಬೇಕು. ಅಂತಹವರು ವೈದ್ಯರಿಂದ ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಿಕೊಂಡ ನಂತರವೇ ಮುಂದುವರಿಯಲಿ. ಮುಳ್ಳಿನ ಚಪ್ಪಲಿಯ ಗೊಡವೆ ಬೇಡ. ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮೂಳೆ ಮುರಿತ, ತೆರೆದ ಗಾಯ ಇರುವವರು ಈ ಚಿಕಿತ್ಸೆಯಿಂದ ದೂರವಿರಬೇಕು. ಒಂದೇ ಕಾಲು ಹಠಾತ್ತನೆ ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಿಸದೆ ಆಸ್ಪತ್ರೆಗೆ ತೋರಿಸಬೇಕು. ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳುವುದು ಲೇಸು. ಇನ್ನು ಪಾದ ಒತ್ತಿಸಿಕೊಳ್ಳುತ್ತಿದ್ದೇನೆಂಬ ಧೈರ್ಯದಿಂದ ಸಕ್ಕರೆ ಅಥವಾ ರಕ್ತದೊತ್ತಡದ ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ಅವಿವೇಕ.

ಆರೋಗ್ಯವಂತರಿಗೆ ಮನೆಯಲ್ಲೇ ಇದರ ಹಿತ ಸಾಧ್ಯ. ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು ಒರೆಸಿ, ಸ್ವಲ್ಪ ಎಳ್ಳೆಣ್ಣೆ ಸವರಿ, ಹಿಮ್ಮಡಿಯಿಂದ ಬೆರಳುಗಳತ್ತ ಹೆಬ್ಬೆರಳನ್ನು ಒತ್ತುತ್ತ ಸಾಗಿದರಾಯಿತು. ನೋವಾಗುವಷ್ಟು ಒತ್ತಬಾರದು. ಎಣ್ಣೆ ಒರೆಸದೆ ಎದ್ದು ನಡೆದರೆ ಜಾರಿ ಬೀಳುವ ಭಯವಿದೆ. ಪಾದಾಭ್ಯಂಗದ ವಿಚಾರದಲ್ಲಿ ಸಲಹೆ ಬೇಕಾದವರಿಗೆ ಬಳ್ಳಾರಿಯಲ್ಲೇ ತಾರಾನಾಥ ಸರ್ಕಾರಿ ಆಯುರ್ವೇದ ವೈದ್ಯಕೀಯ ಮಹಾವಿದ್ಯಾಲಯವಿದೆ.

ರೋಲರ್, ಚಪ್ಪಲಿ, ವಿದ್ಯುತ್ ಯಂತ್ರ ಮುಂತಾದ ಸಾಧನಗಳನ್ನು ತಯಾರಿಸುವ ಅಥವಾ ಮಾರುವ ಸದಸ್ಯರಿಗೆ ಒಂದು ಸೂಚನೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯು ಮಧುಮೇಹ, ರಕ್ತದೊತ್ತಡ, ಪಾರ್ಶ್ವವಾಯು ಮೊದಲಾದವನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು ನಿಷೇಧಿಸುತ್ತದೆ. ದೇಹದ ಕ್ರಿಯೆಯ ಮೇಲೆ ಪರಿಣಾಮ ಬೀರಲೆಂದು ಮಾರುವ ವಸ್ತುವೂ ಅದರ ವ್ಯಾಖ್ಯೆಯಲ್ಲಿ ಔಷಧವೇ. ಕರಪತ್ರ ಮತ್ತು ಪೊಟ್ಟಣದ ಮೇಲಿನ ಬರಹವೂ ಜಾಹೀರಾತೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಪೊಟ್ಟಣದ ಮೇಲೆ ‘ಪಾದಗಳ ವಿಶ್ರಾಂತಿಗಾಗಿ’ ಎಂದಷ್ಟೇ ಅಚ್ಚು ಹಾಕಿಸಿ, ಕೆಳಗೆ ಮಧುಮೇಹಿಗಳಿಗೆ ಎಚ್ಚರಿಕೆಯ ಒಂದು ಸಾಲು ಸೇರಿಸಿದರೆ ಕೊಳ್ಳುವವರಿಗೂ ಮಾರುವವರಿಗೂ ಕ್ಷೇಮ.