ಕಾರಿನ ನೆತ್ತಿಯ ಮೇಲೆ ಎಷ್ಟು ಭಾರ?

ಕಾಳಿ ನದಿಯಲ್ಲಿ ಒಮ್ಮೆ ಹುಟ್ಟು ಹಾಕಿ ಬಂದ ಮಕ್ಕಳು ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಮುಂದಿನ ರಜೆಗೆ ಸ್ವಂತ ಕಯಾಕ್ ಬೇಕೆನ್ನುತ್ತಾರೆ. ಒಬ್ಬರೇ ಕುಳಿತು ನಡೆಸುವ ಈ ಪುಟ್ಟ ದೋಣಿ ಕಾರಿನ ಡಿಕ್ಕಿಯಲ್ಲಿ ಹಿಡಿಸದು. ಆಗ ಛಾವಣಿಯ ಮೇಲೊಂದು ಕ್ಯಾರಿಯರ್ ಕೂರಿಸುವ ಮಾತು ಬರುತ್ತದೆ. ಪಾಲಕರು ಮೊದಲು ಕೇಳುವುದು ಬೆಲೆ. ಕೇಳಬೇಕಾದದ್ದು ಬೇರೆ: ಈ ಕಾರಿನ ಛಾವಣಿ ಎಷ್ಟು ಕಿಲೋ ಹೊರಬಲ್ಲದು?

ಉತ್ತರ ಕಾರಿನ ಕೈಪಿಡಿಯಲ್ಲಿದೆ. ಬಹಳಷ್ಟು ಕಾರುಗಳಿಗೆ ಅದು 50ರಿಂದ 75 ಕಿಲೋ. ಸಾಮಾನ್ಯವಾಗಿ ಕ್ಯಾರಿಯರ್‌ನ ತೂಕವೂ ಇದರಲ್ಲೇ ಸೇರಿರುತ್ತದೆ. ಮಿತಿ 50 ಕಿಲೋ ಎಂದುಕೊಳ್ಳಿ. ಕ್ಯಾರಿಯರ್ 6 ಕಿಲೋ, ತಲಾ 20 ಕಿಲೋದ ಎರಡು ಕಯಾಕ್, ಒಟ್ಟು 46. ಇನ್ನು ಅದರ ಮೇಲೆ ತಂಗಿಯ ಸೈಕಲ್ಲನ್ನೂ ಏರಿಸಿದರೆ ಲೆಕ್ಕ ತಪ್ಪಿತು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಕ್ಯಾರಿಯರ್ ಗಟ್ಟಿಯೇನೋ ಹೌದು, ಆದರೆ ಅರ್ಧ ಭಾರವನ್ನು ಅದೇ ತಿಂದುಹಾಕೀತು. ತೂಗಿಸದೆ ಕೂರಿಸಬಾರದು.

‘ಒಳಗೆ ಐದು ಜನ ಕೂಡುತ್ತಾರೆ, ಮೇಲೆ ನೂರು ಕಿಲೋ ಹೆಚ್ಚೇ?’ ಎಂಬ ವಾದ ಇಲ್ಲಿ ನಡೆಯದು. ಮೇಲಿನ ಭಾರ ಕಾರಿನ ಗುರುತ್ವ ಕೇಂದ್ರವನ್ನೇ ಎತ್ತರಿಸುತ್ತದೆ. ದಾಂಡೇಲಿಯಿಂದ ಗಣೇಶಗುಡಿ, ಜೊಯಿಡಾ ಕಡೆಗಿನ ಕಾಡುದಾರಿಯ ತಿರುವುಗಳಲ್ಲಿ ಅಂಥ ಕಾರು ಹೊರಮಗ್ಗುಲಿಗೆ ವಾಲುತ್ತದೆ. ಗಾಳಿಯ ಲೆಕ್ಕವನ್ನು ವಿಜ್ಞಾನದ ವಿದ್ಯಾರ್ಥಿಗಳೇ ಮನೆಯವರಿಗೆ ಹೇಳಬಹುದು. ವೇಗ 40 ಕಿ.ಮೀ.ನಿಂದ 80ಕ್ಕೆ ಏರಿದರೆ ಗಾಳಿಯ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು!

ಹಳೆಯ ಅಂಬಾಸಿಡರ್‌ಗೆ ಛಾವಣಿಯ ಅಂಚಿನಲ್ಲಿ ಮಳೆನೀರಿನ ಕಾಲುವೆಯಿತ್ತು. ಕ್ಯಾರಿಯರ್‌ನ ಕಾಲು ಅದನ್ನೇ ಕಚ್ಚಿ ನಿಲ್ಲುತ್ತಿತ್ತು. ಈಗಿನ ಕಾರುಗಳಿಗೆ ಆ ಅಂಚಿಲ್ಲ. ಕೆಲವುಗಳ ಮೇಲೆ ಉದ್ದುದ್ದ ರೇಲುಗಳು ಕಾಣುತ್ತವೆ. ಮೋಸಹೋಗುವುದು ಇಲ್ಲಿಯೇ. ಎಷ್ಟೋ ಮಾದರಿಗಳಲ್ಲಿ ಆ ರೇಲು ಬರೀ ಅಲಂಕಾರಕ್ಕೆ, ಭಾರ ಹೊರುವುದಕ್ಕಲ್ಲ. ಇದಕ್ಕೂ ಕೈಪಿಡಿಯೇ ಸಾಕ್ಷಿ. ಬರಿಯ ಛಾವಣಿಯಾದರೆ ಬಾಗಿಲ ಚೌಕಟ್ಟಿಗೆ ಹಿಡಿಯುವ, ಆ ಮಾದರಿಗೆಂದೇ ಮಾಡಿದ ಕಾಲುಗಳು ಬೇಕು. ಛಾವಣಿಗೆ ತೂತು ಕೊರೆಸುವುದಂತೂ ಬೇಡವೇ ಬೇಡ. ತಯಾರಕರು ಕೊಟ್ಟ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಬಿಚ್ಚಿಡಬಹುದಾದ ಕ್ಯಾರಿಯರ್ ಆರಿಸಿ, ಕೊಳ್ಳುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು.

ಮುಂಡಗೋಡ, ಹಳಿಯಾಳದ ಬಯಲು ರಸ್ತೆಗಳಲ್ಲಿ ಸೈಕಲ್ ತುಳಿಯಲು ಬರುವವರ ತೊಂದರೆ ಎತ್ತರದ್ದು. ನಿಲ್ಲಿಸಿ ಕಟ್ಟಿದ ಸೈಕಲ್ ಸೇರಿ ಕಾರಿನ ಎತ್ತರ ಎರಡೂವರೆ ಮೀಟರ್ ಮೀರುತ್ತದೆ. ಬಾಗಿದ ಕೊಂಬೆ, ಮನೆಯ ಪೋರ್ಟಿಕೊ ಮರೆತರೆ ಸೈಕಲ್ಲೂ ಹೋಯಿತು, ಛಾವಣಿಯೂ ಹೋಯಿತು. ಕುಸ್ತಿಗೆ ಹೆಸರಾದ ಹಳಿಯಾಳದ ಹುಡುಗರೇ ಪುಣ್ಯವಂತರು. ಲಂಗೋಟಿಗೆ ಕ್ಯಾರಿಯರ್ ಬೇಡ!

ಕಯಾಕ್ ಕಟ್ಟುವುದರಲ್ಲಿ ಮಾತ್ರ ಅವಸರ ಸಲ್ಲದು. ಅದು ಜಾರಿ ಬಿದ್ದರೆ ಪೆಟ್ಟು ತಿನ್ನುವುದು ಹಿಂದೆ ಬರುವ ಬೈಕಿನವರು. ನೈಲಾನ್ ಹಗ್ಗ ನೆನೆದಾಗ ಹಿಗ್ಗಿ ಸಡಿಲವಾಗುತ್ತದೆ. ಬಕಲ್ ಇರುವ ಪಾಲಿಯೆಸ್ಟರ್ ಪಟ್ಟಿ ವಾಸಿ. ಎರಡು ಅಡ್ಡಪಟ್ಟಿಗಳಿಗೆ ಸ್ಪಂಜು ಸುತ್ತಿ, ದೋಣಿಯನ್ನು ಬೋರಲು ಹಾಕಿ, ಎರಡೂ ಕಡೆ ಬಿಗಿಯಬೇಕು. ಆಮೇಲೆ ಮೂತಿಯನ್ನು ಮುಂದಿನ ಬಂಪರಿನ ಕೆಳಗಿನ ಕೊಕ್ಕೆಗೂ ಬಾಲವನ್ನು ಹಿಂದಿನದಕ್ಕೂ ಬೇರೆಯಾಗಿ ಕಟ್ಟಬೇಕು. ಕ್ಯಾರಿಯರೇ ಕಿತ್ತುಬಂದರೂ ದೋಣಿಯನ್ನು ಹಿಡಿದಿಡುವುದು ಈ ಎರಡು ಕಟ್ಟುಗಳು. ಹುಟ್ಟು, ಹೆಲ್ಮೆಟ್, ಲೈಫ್ ಜಾಕೆಟ್ ಕಾರಿನೊಳಗಿರಲಿ.

ವರ್ಷಕ್ಕೊಮ್ಮೆ ಬರುವವರಿಗೆ ಇಷ್ಟೆಲ್ಲ ಖರ್ಚು ಬೇಕಿಲ್ಲ. ದಾಂಡೇಲಿ, ಗಣೇಶಗುಡಿಯಲ್ಲಿ ಜಲಕ್ರೀಡೆ ನಡೆಸುವವರೇ ದೋಣಿ, ಜಾಕೆಟ್ ಕೊಡುತ್ತಾರೆ. ಅಲ್ಲಿನ ರ್‍ಯಾಫ್ಟಿಂಗ್ ಸೂಪಾ ವಿದ್ಯುದಾಗಾರ ಬಿಡುವ ನೀರನ್ನು ನೆಚ್ಚಿದ್ದು; ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಡಬೇಕು.

ಸ್ವಂತದ್ದನ್ನೇ ಹೊತ್ತು ಹೊರಟವರು ಮೊದಲ ಹತ್ತು ಕಿ.ಮೀ. ಒಳಗೆ ಕಾರು ನಿಲ್ಲಿಸಿ ಪಟ್ಟಿಗಳನ್ನು ಎಳೆದು ನೋಡಬೇಕು. ಹಳಿಯಾಳದಲ್ಲಿ ಚಹಾಕ್ಕೆ ಇಳಿದಾಗ ಇನ್ನೊಮ್ಮೆ.