ಎರೆಯ ಕೆಳಗೇನಿದೆ?

ನಮ್ಮ ಹೊಲದಲ್ಲಿ ಬಾವಿ ತೋಡಿಸಿದಾಗ ಮೂರಾಳು ಆಳದಲ್ಲಿ ಕರಿಗಲ್ಲು ತಗುಲಿತು, ನೀರು ಬರಲಿಲ್ಲ. ಅದೇಕೆಂಬ ಪ್ರಶ್ನೆಯನ್ನು ಹೊತ್ತು, ಇಬ್ಬರು ಗೆಳೆಯರೊಡನೆ ಆಳಂದ, ಅಫಜಲಪುರ, ಜೇವರ್ಗಿಗಳನ್ನು ಮೋಟಾರಿನಲ್ಲಿ ಸುತ್ತಿ ಬಂದೆನು.

ಆಳಂದವು ಹಳೆಯ ಊರು. ಶಿವಭಕ್ತ ಏಕಾಂತದ ರಾಮಯ್ಯನು ಇಲ್ಲಿಯವನೆಂದು ಸುಮಾರು 1200ರ ಅಬ್ಬಲೂರಿನ ಶಾಸನ ಹೇಳುತ್ತದೆ. ಸೂಫಿ ಸಂತ ಲಾಡ್ಲೆ ಮಶಾಕರ ದರ್ಗಾ ಇರುವುದೂ ಇಲ್ಲಿಯೇ. ಸುತ್ತಲಿನ ದಿಣ್ಣೆಗಳು ಕರಿಗಲ್ಲಿನವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರಪದರವಾಗಿ ಹರಿದು ಗಟ್ಟಿಯಾದುದೇ ಈ ಕಲ್ಲು. ಇದು ಸವೆದು ಎರೆಮಣ್ಣಾಯಿತು. ಎರೆಯು ನೀರುಂಡು ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ತೇವವನ್ನು ಹಿಡಿದಿಡುವುದರಿಂದಲೇ ನಮಗೆ ತೊಗರಿಯೂ ಹಿಂಗಾರಿ ಜೋಳವೂ ದಕ್ಕುತ್ತವೆ.

ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ, ಆಳಂದದ ಕಡೆಯಿಂದ ಬಂದ ಅಮರ್ಜಾ ನದಿಯು ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯನ ಭಕ್ತರು ಆ ಸಂಗಮದಲ್ಲಿ ಮೀಯುತ್ತಾರೆ.

ಜೇವರ್ಗಿ ಸೀಮೆಯ ಅಂದೋಲದ ಕಡೆಗೆ ಕಲ್ಲೇ ಬದಲಾಯಿತು. ಅಲ್ಲಿ ಸುಣ್ಣಕಲ್ಲಿನ ಹಾಸುಗಳು. ನಾವು ಮನೆಗೆ ಹಾಸುವ ಶಹಾಬಾದಿನ ಫರಸಿಯೂ ಇದೇ ಬಳಗದ್ದು. ಆಳವಿಲ್ಲದ ಕಡಲಿನ ತಳದಲ್ಲಿ ಕೂಡಿದ ಈ ಕಲ್ಲು ಲಾವಾಕ್ಕಿಂತ ಬಹಳ ಹಳೆಯದು.

ಬಾವಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಗಟ್ಟಿ ಕರಿಗಲ್ಲಿನೊಳಗೆ ನೀರು ನಿಲ್ಲದು. ಅದರ ಬಿರುಕುಗಳಲ್ಲಿ, ಸವೆದು ಮೆದುವಾದ ಭಾಗದಲ್ಲಿ, ಎರಡು ಹಾಸುಗಳ ನಡುವಿನ ಸಂದಿನಲ್ಲಿ ಮಾತ್ರ ನಿಲ್ಲುತ್ತದೆ. ನಮ್ಮ ಬಾವಿ ಗಟ್ಟಿ ಹಾಸಿನ ಮೇಲೆಯೇ ನಿಂತಿತ್ತು. ಇನ್ನು ತೋಡುವ ಮೊದಲು ಕಲ್ಲನ್ನು ಪರೀಕ್ಷಿಸೋಣವೆಂದು ಅಪ್ಪನಿಗೆ ಹೇಳಿದೆನು.

“ಸಾಲ ತರೂಕ್ಕಿಂತ ಮೊದಲ ಹೇಳಬೇಕಿತ್ತಪಾ” ಎಂದರು ಅಪ್ಪ.