ಕಿರಿದಾದ ಜಠರವೂ ಗರಡಿಯ ಸಾಮೂ

ಹಳೆಯ ಮೈಸೂರು ಸೀಮೆಯಲ್ಲಿ ದೇಹಶಿಕ್ಷಣವೆಂದರೆ ಗರಡಿಯೇ ಆಗಿತ್ತು. ಕೆಮ್ಮಣ್ಣಿನ ಮಟ್ಟಿ, ಗೋಡೆಯ ಗೂಡಿನಲ್ಲಿ ಹನುಮಂತ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು; ಇವುಗಳ ನಡುವೆ ನಿಂತು ಒಬ್ಬೊಬ್ಬ ಹುಡುಗನ ಮೈಕಟ್ಟನ್ನೂ ನೋಡಿ, ಇವನಿಗೆ ಇಷ್ಟು ದಂಡ, ಇವನಿಗೆ ಇಷ್ಟು ಬಸ್ಕಿ ಎಂದು ಗೊತ್ತುಮಾಡುವ ಉಸ್ತಾದರು. ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯಲ್ಲಿ ಇಂದಿಗೂ ಕುಸ್ತಿಯ ಪಂದ್ಯಗಳು ನಡೆಯುತ್ತವೆ. ಗರಡಿಗೆ ಹೋಗುವವನ ಆಸೆ ಮೈ ತುಂಬಿಸಿಕೊಳ್ಳುವುದು. ಈಗ ಬೇರೊಂದು ಬಗೆಯ ಶಿಷ್ಯನು ವ್ಯಾಯಾಮಶಾಲೆಯ ಬಾಗಿಲಿಗೆ ಬರುವ ಕಾಲ ಒದಗಿದೆ. ಅವನು ತೂಕ ಇಳಿಸುವುದಕ್ಕಾಗಿ ತನ್ನ ಜಠರವನ್ನೇ ಕತ್ತರಿಸಿ ಕಿರಿದು ಮಾಡಿಸಿಕೊಂಡವನು. ತೂಕವನ್ನು ಶಸ್ತ್ರವೈದ್ಯರೇ ಇಳಿಸಿಕೊಟ್ಟ ಮೇಲೆ ಅವನಿಗೆ ಸಾಮು ಏತಕ್ಕೆ? ಬೇಕಾದರೆ ಎಂತಹ ಸಾಮು, ಎಂದಿನಿಂದ?

ಮೊದಲು ಶಸ್ತ್ರಚಿಕಿತ್ಸೆಯ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ. 1966ರಲ್ಲಿ ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಜಠರದ ಮೇಲ್ಭಾಗವನ್ನು ಒಂದು ಚಿಕ್ಕ ಚೀಲದಂತೆ ಬೇರ್ಪಡಿಸಿ, ಅದಕ್ಕೆ ಸಣ್ಣಕರುಳಿನ ಮುಂದಿನ ಭಾಗವನ್ನು ನೇರವಾಗಿ ಜೋಡಿಸಿದರು. ಅನ್ನಕ್ಕೆ ಅಡ್ಡದಾರಿಯೊಂದು ಹೀಗೆ ಏರ್ಪಟ್ಟಿತು. ಇದೇ ಕ್ರಮವು ಸುಧಾರಣೆ ಹೊಂದಿ 'ಬೈಪಾಸ್' ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿದೆ. ಇನ್ನೊಂದು ಕ್ರಮದಲ್ಲಿ ಜಠರದ ಸುಮಾರು ಐದನೆಯ ನಾಲ್ಕು ಪಾಲನ್ನು ತೆಗೆದುಹಾಕಿ, ಉಳಿದುದನ್ನು ಉದ್ದನೆಯ ಕೊಳವೆಯಾಗಿ ಉಳಿಸುತ್ತಾರೆ. ಅಂಗಿಯ ತೋಳನ್ನು ಹೋಲುವುದರಿಂದ ಇದಕ್ಕೆ 'ಸ್ಲೀವ್' ಎಂದು ಹೆಸರು. ವೈದ್ಯರು ಈ ಕೊಳವೆಯನ್ನು ಬಾಳೆಹಣ್ಣಿಗೆ ಹೋಲಿಸುವುದೂ ಉಂಟು. ನಂಜನಗೂಡಿನ ವಾಚಕರು ತಮ್ಮ ರಸಬಾಳೆಯನ್ನು ನೆನೆದರೆ ನಮ್ಮ ಆಕ್ಷೇಪಣೆಯೇನೂ ಇಲ್ಲ. ಒಂದು ಲೀಟರಿಗೂ ಮಿಕ್ಕಿ ಹಿಡಿಯುತ್ತಿದ್ದ ಚೀಲ ಈಗ ಒಂದು ಸಣ್ಣ ಕಾಫಿ ಲೋಟದಷ್ಟು ಹಿಡಿಯುತ್ತದೆ. ಇಷ್ಟೇ ಅಲ್ಲ, ಹಸಿವನ್ನು ಕೆರಳಿಸುವ 'ಗ್ರೆಲಿನ್' ಎಂಬ ಹಾರ್ಮೋನು 1999ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು. ಅದು ಹೆಚ್ಚಾಗಿ ಸ್ರವಿಸುವುದು ಜಠರದ ಮೇಲುಬ್ಬಿನಲ್ಲಿ, ಎಂದರೆ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕುವ ಭಾಗದಲ್ಲಿಯೇ. ಹೊಟ್ಟೆ ಕಿರಿದಾಗುವುದರ ಜೊತೆಗೆ ಹಸಿವೂ ತಗ್ಗುತ್ತದೆ. ಒಂದೆರಡು ವರ್ಷಗಳಲ್ಲಿ ದೇಹದ ತೂಕದ ನಾಲ್ಕನೆಯ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಇಳಿದುಹೋಗುತ್ತದೆ.

ಇದು ಯಾರಿಗೆ? ದೇಹದ ತೂಕವನ್ನು ಕಿಲೋಗ್ರಾಮುಗಳಲ್ಲಿ ತೆಗೆದುಕೊಂಡು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಒಂದು ಸೂಚ್ಯಂಕ ದೊರೆಯುತ್ತದೆ. ಶಸ್ತ್ರವೈದ್ಯರ ಎರಡು ಪ್ರಮುಖ ಸಂಘಗಳು 2022ರಲ್ಲಿ ಪ್ರಕಟಿಸಿದ ಸೂಚನೆಯ ಪ್ರಕಾರ, ಈ ಅಂಕ 35ನ್ನು ಮುಟ್ಟಿದವರಿಗೆ ಶಸ್ತ್ರಚಿಕಿತ್ಸೆಯನ್ನು ಸಲಹೆ ಮಾಡಬಹುದು, ಏಷ್ಯದವರಿಗಾದರೆ 27.5 ಸಾಕು. 160 ಸೆಂಟಿಮೀಟರು ಎತ್ತರದವನಿಗೆ ಮೊದಲನೆಯದು ಸುಮಾರು 90 ಕಿಲೋಗ್ರಾಮು, ಎರಡನೆಯದು ಸುಮಾರು 70. ಈ ಪಕ್ಷಪಾತವೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದಂಶ ಮೈಸೂರಿನಲ್ಲಿಯೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಎಂದರೆ ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಸ್ಥಳದಲ್ಲಿ, 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಅಳೆಯುತ್ತ ಬಂದರು. ಈ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ತೂಕದಲ್ಲಿಯೂ ತೋಳಿನ ಸುತ್ತಳತೆಯಲ್ಲಿಯೂ ಕಡಿಮೆಯಿದ್ದುವು. ಆದರೆ ಬೆನ್ನಿನ ಮೇಲೆ, ಹೆಗಲ ಮೂಳೆಯ ಕೆಳಗೆ, ಚರ್ಮವನ್ನು ಚಿವುಟಿ ಅಳೆದ ಕೊಬ್ಬಿನ ಪದರ ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ನಾಲ್ಕು ವರ್ಷ ತುಂಬುವ ವೇಳೆಗೆ ಅದು ಬ್ರಿಟನ್ನಿನ ಮಕ್ಕಳದನ್ನು ಮೀರಿತ್ತು. ಹೊರಗೆ ಸಣಕಲಾಗಿ ಕಾಣುವ ದೇಹದೊಳಗೆ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಅದೇ ತೂಕದ ಯುರೋಪಿನವನಿಗಿಂತ ನಮ್ಮವನಿಗೆ ಸಿಹಿಮೂತ್ರ ರೋಗ ಬೇಗನೆ ಬರುವುದಕ್ಕೆ ಇದೂ ಒಂದು ಕಾರಣ. ಮಾಂಸಖಂಡದ ಬಂಡವಾಳ ಹುಟ್ಟಿನಿಂದಲೇ ಕಡಿಮೆಯಿರುವವರು ಅದನ್ನು ಇನ್ನಷ್ಟು ಕಳೆದುಕೊಂಡರೆ ಏನಾದೀತು ಎಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ವ್ಯಾಯಾಮದಿಂದ ಕೊಬ್ಬು ಕರಗುತ್ತದೆಂದು ಎಲ್ಲರೂ ಹೇಳುತ್ತಾರೆ. ಎಷ್ಟು ಕರಗುತ್ತದೆ? ಲೆಕ್ಕ ಹಾಕಿ ನೋಡೋಣ. ಸಮತಟ್ಟಾದ ದಾರಿಯಲ್ಲಿ ನಡೆಯುವವನು ದೇಹದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ, ಸುಮಾರು ಅರ್ಧ ಕಿಲೊಕ್ಯಾಲೊರಿಯಷ್ಟು ಶಕ್ತಿಯನ್ನು ಅಧಿಕವಾಗಿ ವ್ಯಯಮಾಡುತ್ತಾನೆ. ನೂರು ಕಿಲೋಗ್ರಾಮು ತೂಕದ ಒಬ್ಬ ಭಕ್ತನು ಮೈಸೂರಿನಿಂದ ನಂಜುಂಡೇಶ್ವರನ ಸನ್ನಿಧಿಗೆ, ಸುಮಾರು 23 ಕಿಲೋಮೀಟರು, ಕಾಲ್ನಡಿಗೆಯಲ್ಲಿ ಹೋದನೆನ್ನಿ. ವ್ಯಯವಾದುದು ಸುಮಾರು 1150 ಕಿಲೊಕ್ಯಾಲೊರಿ. ಒಂದು ಕಿಲೋಗ್ರಾಮು ಮೈಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7700 ಕಿಲೊಕ್ಯಾಲೊರಿ. ಎಂದ ಮೇಲೆ ಇಡೀ ದಿನದ ನಡಿಗೆಯಿಂದ ಕರಗಿದ ಕೊಬ್ಬು 150 ಗ್ರಾಮು! ಪ್ರಸಾದದ ಲಾಡುಗಳಿಂದ ಅದರಲ್ಲಿ ಒಂದು ಪಾಲು ಹಿಂದಿರುಗಿ ಬಂದರೂ ಆಶ್ಚರ್ಯವಿಲ್ಲ. ಶಸ್ತ್ರಚಿಕಿತ್ಸೆಯಾದವರಲ್ಲಿ ವ್ಯಾಯಾಮ ಮಾಡಿದವರನ್ನೂ ಮಾಡದವರನ್ನೂ ಹೋಲಿಸಿ ನೋಡಿದಾಗ ಕಂಡುದೂ ಇದೇ: ತೂಕದಲ್ಲಿ ಅವರಿಬ್ಬರಿಗೂ ಇರುವ ಅಂತರ ಎರಡು ಮೂರು ಕಿಲೋಗ್ರಾಮು ಮಾತ್ರ. ತೂಕದ ಯಂತ್ರವನ್ನೇ ನೋಡುತ್ತ ಸಾಮು ಮಾಡುವವನು ಒಂದು ತಿಂಗಳಿನಲ್ಲಿ ಬೇಸತ್ತು ಬಿಟ್ಟುಬಿಡುವುದು ಸಹಜವೇ.

ಆದರೆ ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಎಂಬ ವಿವೇಚನೆ ಇಲ್ಲ. ಶಸ್ತ್ರಚಿಕಿತ್ಸೆಯಾದ ಒಂದು ವರ್ಷದೊಳಗೆ ಕೊಬ್ಬಲ್ಲದ ಅಂಶದಲ್ಲಿ ಸರಾಸರಿ ಎಂಟು ಕಿಲೋಗ್ರಾಮಿನಷ್ಟು ನಷ್ಟವಾಗುತ್ತದೆ. ಇದರಲ್ಲಿ ನೀರೂ ಸೇರಿದೆಯಾದರೂ ಮಾಂಸಖಂಡದ ಪಾಲು ಅಲ್ಪವಲ್ಲ. ಮುಖ್ಯವಾದ ಸಂಗತಿಯೆಂದರೆ, ಈ ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಮೂರು ತಿಂಗಳುಗಳಲ್ಲಿಯೇ ಆಗಿಹೋಗುತ್ತದೆ.

ಇದಕ್ಕೆ ಕಾರಣಗಳು ಎರಡು. ಮಿದುಳಿಗೂ ರಕ್ತಕಣಗಳಿಗೂ ಸಕ್ಕರೆ ಬೇಕು. ಊಟ ಬಹಳ ಕಡಿಮೆಯಾದಾಗ ಯಕೃತ್ತು ಆ ಸಕ್ಕರೆಯನ್ನು ತಾನೇ ತಯಾರಿಸಬೇಕಾಗುತ್ತದೆ. ಕೊಬ್ಬಿನಿಂದ ಅದನ್ನು ಹೆಚ್ಚಾಗಿ ತಯಾರಿಸಲು ಬರುವುದಿಲ್ಲವಾದುದರಿಂದ ಮಾಂಸಖಂಡಗಳ ಸಸಾರಜನಕ ವಸ್ತುವನ್ನು, ಎಂದರೆ ಪ್ರೋಟೀನನ್ನು, ಒಡೆದು ಉಪಯೋಗಿಸುತ್ತದೆ. ಮನೆಯ ಒಲೆಗೆ ಸೌದೆ ಸಾಲದಾದಾಗ ತೊಲೆಯನ್ನೇ ಕಡಿದಂತೆ. ಎರಡನೆಯ ಕಾರಣವನ್ನು ಬಹುಮಂದಿ ಯೋಚಿಸುವುದಿಲ್ಲ. ಸ್ಥೂಲಕಾಯನು ಹಗಲೆಲ್ಲ ಭಾರ ಹೊತ್ತವನು. 120 ಕಿಲೋಗ್ರಾಮಿನವನು 80ಕ್ಕೆ ಇಳಿದರೆ, ಟಿ. ನರಸೀಪುರದ ಅಕ್ಕಿ ಗಿರಣಿಯ ಒಂದು ದೊಡ್ಡ ಮೂಟೆಯಷ್ಟನ್ನು ಬೆನ್ನಿನಿಂದ ಕೆಳಗಿಳಿಸಿದಂತೆ. ಆ ಮೂಟೆಯನ್ನು ಹೊತ್ತು ಮೆಟ್ಟಿಲು ಹತ್ತಿ, ಕುಳಿತು ಎದ್ದು, ಅವನ ತೊಡೆಯ ಸ್ನಾಯುಗಳು ತಾವರಿಯದೆಯೇ ಸಾಮು ಮಾಡುತ್ತಿದ್ದುವು. ಭಾರ ಇಳಿದೊಡನೆ ಸ್ನಾಯುಗಳಿಗೆ ಕೆಲಸ ತಪ್ಪಿತು. ಕೆಲಸವಿಲ್ಲದ ಸ್ನಾಯುವನ್ನು ದೇಹ ಸಾಕುವುದಿಲ್ಲ. ಕಳೆದುಹೋದ ಆ ಭಾರದ ಸ್ಥಾನದಲ್ಲಿ ಬೇರೊಂದು ಭಾರವನ್ನು, ಲೆಕ್ಕವಿಟ್ಟು, ಒದಗಿಸುವುದೇ ಇಲ್ಲಿ ವ್ಯಾಯಾಮಶಿಕ್ಷಕನ ಕೆಲಸ.

ಕೆಲಸ ಕೊಟ್ಟರೆ ಸಾಲದು, ಸಾಮಗ್ರಿಯನ್ನೂ ಕೊಡಬೇಕು. ಇಂಥವರು ದಿನಕ್ಕೆ ಕನಿಷ್ಠ 60 ಗ್ರಾಮು ಪ್ರೋಟೀನು ಸೇವಿಸಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮ ಸೀಮೆಯ ಊಟವಾದರೋ ಮುದ್ದೆ ಮತ್ತು ಅನ್ನ. ನೂರು ಗ್ರಾಮು ರಾಗಿಹಿಟ್ಟಿನಲ್ಲಿ ಪ್ರೋಟೀನು ಸುಮಾರು ಏಳು ಗ್ರಾಮು. ಅಷ್ಟು ಹಿಟ್ಟಿನ ಮುದ್ದೆಯೋ ಕಿರಿದಾದ ಜಠರದಲ್ಲಿ ಹಿಡಿಸುವ ಮಾತೇ ಅಲ್ಲ. ಹೆಸರುಬೇಳೆಯಲ್ಲಿ ನೂರಕ್ಕೆ ಸುಮಾರು 24, ಹುರುಳಿಯಲ್ಲಿ 22. ಒಂದು ಕೋಳಿಮೊಟ್ಟೆಯಲ್ಲಿ ಆರು ಗ್ರಾಮು, ಒಂದು ಲೋಟ ಹಾಲಿನಲ್ಲಿಯೂ ಅಷ್ಟೆ. ಇಲ್ಲಿ ನಮ್ಮ ಅಡುಗೆಮನೆಯ ಒಂದು ವಾಡಿಕೆಯನ್ನು ಎತ್ತಿ ಹೇಳಬೇಕು. ಹುರುಳಿಯನ್ನು ಬೇಯಿಸಿ ಬಸಿದ ಕಟ್ಟಿನ ಸಾರು ರೋಗಿಗೆ ಬಲವೆಂದು ಅದನ್ನೇ ಕುಡಿಸಿ ಕಾಳನ್ನು ಉಳಿದವರು ತಿನ್ನುವುದುಂಟು. ಕಟ್ಟಿನಲ್ಲಿರುವುದು ಬಹುಮಟ್ಟಿಗೆ ರುಚಿ. ಪ್ರೋಟೀನು ಹೆಚ್ಚಾಗಿ ಕಾಳಿನಲ್ಲಿಯೇ ಉಳಿದಿರುತ್ತದೆ. ಮೊದಲ ವಾರಗಳಲ್ಲಿ ದ್ರವಾಹಾರ, ಆಮೇಲೆ ನುಣ್ಣಗೆ ಅರೆದುದು, ಆಮೇಲೆ ಮೆದುವಾದುದು, ಹೀಗೆ ಆಸ್ಪತ್ರೆಯವರು ಹಾಕಿಕೊಟ್ಟ ಕ್ರಮ ಇದ್ದೇ ಇರುತ್ತದೆ. ಪ್ರತಿಯೊಂದು ಹಂತದಲ್ಲಿಯೂ ಪ್ರೋಟೀನಿನ ತುತ್ತು ಮೊದಲು, ಅನ್ನ ಆಮೇಲೆ.

ಸಾಮು ಎಂದಿನಿಂದ? ನಡಿಗೆಯಾದರೆ ಶಸ್ತ್ರಚಿಕಿತ್ಸೆಯಾದ ದಿನವೇ, ತಪ್ಪಿದರೆ ಮರುದಿನ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಪುಪ್ಪುಸಕ್ಕೆ ಹೋಗಿ ಪ್ರಾಣಾಪಾಯವಾದೀತು. ಆದುದರಿಂದಲೇ ದಾದಿಯರು ಒತ್ತಾಯದಿಂದ ಎಬ್ಬಿಸಿ ನಡೆಸುತ್ತಾರೆ. ಭಾರ ಎತ್ತುವುದಕ್ಕೆ ಮಾತ್ರ ನಾಲ್ಕರಿಂದ ಆರು ವಾರ ಕಾಯಬೇಕು. ಇಂದಿನ ಶಸ್ತ್ರಚಿಕಿತ್ಸೆಯಲ್ಲಿ ಹೊರಗೆ ಕಾಣುವುದು ಐದಾರು ಚಿಕ್ಕ ರಂಧ್ರಗಳ ಗುರುತು ಮಾತ್ರ. ಚರ್ಮ ಒಂದೆರಡು ವಾರದಲ್ಲಿ ಕೂಡಿಕೊಂಡರೂ ಕೆಳಗಿನ ಹೊಟ್ಟೆಯ ಗೋಡೆಗೆ ಬಲ ಬರುವುದು ನಿಧಾನ. ಕಲ್ಲುಗುಂಡನ್ನೆತ್ತುವ ಪೈಲ್ವಾನನು ಉಸಿರು ಕಟ್ಟಿ ಹೊಟ್ಟೆಯನ್ನು ಬಿಗಿಹಿಡಿಯುತ್ತಾನೆ. ಆಗ ಉದರದೊಳಗಿನ ಒತ್ತಡ ಏರಿ, ಕೂಡಿಕೊಳ್ಳದ ಗಾಯದ ಮೂಲಕ ಕರುಳು ಹೊರಗೆ ತಳ್ಳಲ್ಪಡಬಹುದು. ಐದು ಕಿಲೋಗ್ರಾಮಿಗಿಂತ ಹೆಚ್ಚು ಎತ್ತಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳುಹಿಸುತ್ತಾರೆ. ಗಂಡಸರು ಇದನ್ನು ಕೇಳಿ ತಲೆಯಾಡಿಸುತ್ತಾರೆ. ಹೆಂಗಸಿನ ಪಾಡು ಬೇರೆ. ನೀರು ತುಂಬಿದ ಬಿಂದಿಗೆ ಹತ್ತು ಕಿಲೋಗ್ರಾಮನ್ನು ಮೀರುತ್ತದೆ. ಇಡ್ಲಿಯ ಹಿಟ್ಟಿನ ಪಾತ್ರೆ, ನೆನೆದ ಬಟ್ಟೆಯ ಬಕೆಟ್ಟು, ಎರಡು ವರ್ಷದ ಮಗು, ಇವು ಒಂದೂ ಐದರೊಳಗಿಲ್ಲ. ಪ್ರಪಂಚದಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಲ್ಲಿ ಬಹುಪಾಲು ಸ್ತ್ರೀಯರೇ. 'ಭಾರ ಎತ್ತಬಾರದು' ಎಂಬ ಮಾತನ್ನು ರೋಗಿಗೆ ಮಾತ್ರವಲ್ಲ, ಮನೆಯವರೆಲ್ಲರನ್ನೂ ಕೂಡಿಸಿ ಹೇಳುವುದು ಲೇಸೆಂದು ನಮಗೆ ತೋರುತ್ತದೆ.

ಆರು ವಾರಗಳ ಮೇಲೆ ವೈದ್ಯರ ಅನುಮತಿ ಪಡೆದು ನಿಜವಾದ ಸಾಮು ಪ್ರಾರಂಭವಾಗಬಹುದು. ವಾರಕ್ಕೆ ಎರಡು ಮೂರು ದಿನ, ದೊಡ್ಡ ಸ್ನಾಯುಗಳಿಗೆಲ್ಲ, ಹತ್ತು ಹನ್ನೆರಡು ಬಾರಿ ಎತ್ತಿದಾಗ ದಣಿವಾಗುವಷ್ಟು ಭಾರ. ಇದಕ್ಕೆ ಲೋಹದ ಯಂತ್ರಗಳೇ ಬೇಕೆಂಬುದಿಲ್ಲ. ಬಸ್ಕಿ ಹೊಡೆಯಲಾರದವರು ಕುರ್ಚಿಯ ಮೇಲೆ ಕುಳಿತು ಕೈ ಊರದೆ ಏಳಬಹುದು. ದಂಡ ಹಾಕಲಾರದವರು ಗೋಡೆಗೆ ಕೈಯಿಟ್ಟು ಮೈಯನ್ನು ತಳ್ಳಬಹುದು. ಗರಡಿಯೊಳಗೆ ಹೆಂಗಸರಿಗೆ ಹಿಂದೆ ಪ್ರವೇಶವಿರಲಿಲ್ಲ. ಕುರ್ಚಿ ಮತ್ತು ಗೋಡೆ ಎಲ್ಲರ ಮನೆಯಲ್ಲಿಯೂ ಇವೆ. ಬೆಂಗಳೂರಿನ ಕೆ. ವಿ. ಅಯ್ಯರ್ (1897-1980) ಅವರನ್ನು ನಮ್ಮ ವಿದ್ಯಾರ್ಥಿಗಳು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಬಲ್ಲರು. ಅವರು ಹೆಸರಾಂತ ವ್ಯಾಯಾಮಶಿಕ್ಷಕರೂ ಆಗಿದ್ದು, ದೂರದಲ್ಲಿದ್ದವರಿಗೆ ಅಂಚೆಯ ಮೂಲಕ ಸಾಮಿನ ಪಾಠ ಹೇಳುತ್ತಿದ್ದರು. ಮನೆಯಲ್ಲಿಯೇ ಇದ್ದು ಕ್ರಮವಾಗಿ ಕಲಿಯುವುದು ನಮ್ಮ ನಾಡಿಗೆ ಹೊಸದಲ್ಲ.

ಇಂತಹ ಶಿಷ್ಯನನ್ನು ಒಪ್ಪಿಕೊಳ್ಳುವ ಶಿಕ್ಷಕನು ಮೊದಲು ಕೇಳಬೇಕಾದುದು ಮೈಯ ಅಳತೆಯನ್ನಲ್ಲ. ಯಾವ ಬಗೆಯ ಶಸ್ತ್ರಚಿಕಿತ್ಸೆ, ಎಷ್ಟು ದಿನವಾಯಿತು, ಸಿಹಿಮೂತ್ರಕ್ಕೆ ಔಷಧವಿದೆಯೇ? ಊಟ ತಗ್ಗಿದಾಗ ಇನ್ಸುಲಿನ್ನಿನ ಪ್ರಮಾಣವೂ ತಗ್ಗದಿದ್ದರೆ ಸಾಮಿನ ನಡುವೆ ರಕ್ತದ ಸಕ್ಕರೆ ಕುಸಿದು ಕಣ್ಣು ಕತ್ತಲಿಟ್ಟೀತು. ನೀರಿನ ವಿಷಯವೂ ಹಾಗೆಯೇ. ಇವರು ಗಟಗಟನೆ ಕುಡಿಯಲಾರರು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಬೆವರಿದ ಮೇಲೆ ಒಂದೇ ಸಲ ತುಂಬಿಕೊಳ್ಳುವುದು ಸಾಧ್ಯವಿಲ್ಲವಾದುದರಿಂದ ದಿನವೆಲ್ಲ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ಮೊಣಕಾಲು ನೋಯುವವರಿಗೆ ನೀರಿನಲ್ಲಿ ನಡೆಯುವುದು ಹಿತ. ಎದೆಮಟ್ಟದ ನೀರಿನಲ್ಲಿ ನಿಂತವನ ಪಾದಗಳ ಮೇಲೆ ಬೀಳುವ ಭಾರ ನೆಲದ ಮೇಲಿನದರ ಮೂರನೆಯ ಒಂದು ಪಾಲಿನಷ್ಟು. ಉಳಿದುದನ್ನು ಆರ್ಕಿಮಿಡೀಸನ ತತ್ತ್ವ ಹೊತ್ತುಕೊಳ್ಳುತ್ತದೆ. ಹಾಗೆಂದು ಕಪಿಲೆಯ ಸ್ನಾನಘಟ್ಟಕ್ಕಾಗಲಿ, ನರಸೀಪುರದ ಸಂಗಮಕ್ಕಾಗಲಿ ಇಳಿಯಿರೆಂದು ನಾವು ಹೇಳುವುದಿಲ್ಲ. ಹರಿಯುವ ನೀರಿನ ಸೆಳವು ದುರ್ಬಲವಾದ ಕಾಲಿಗೆ ತಕ್ಕುದಲ್ಲ. ಗಾಯ ಪೂರ್ಣವಾಗಿ ಮಾಯುವ ಮುನ್ನ ಯಾವ ನೀರೂ ಬೇಡ. ಅದೇ ತಾಲ್ಲೂಕಿನ ತಲಕಾಡಿನ ಮರಳು ಇದಕ್ಕೆ ವಿರುದ್ಧವಾದ ಉದಾಹರಣೆ. ಒಣ ಮರಳಿನ ಮೇಲೆ ಪಾದ ಜಾರುವುದರಿಂದ ಅಷ್ಟೇ ದೂರಕ್ಕೆ ಗಟ್ಟಿನೆಲದ ಮೇಲಿನದರ ಎರಡು ಪಟ್ಟಿಗೂ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಆರು ತಿಂಗಳ ಅಭ್ಯಾಸವಾದವನು ಅಲ್ಲಿ ತನ್ನ ಬಲವನ್ನು ಪರೀಕ್ಷಿಸಿಕೊಳ್ಳಬಹುದು.

ಮೂಳೆಯ ಮಾತೊಂದು ಉಳಿದಿದೆ. ಬೈಪಾಸ್ ಆದವರಲ್ಲಿ ಅನ್ನವು ಸಣ್ಣಕರುಳಿನ ಮೊದಲ ಭಾಗವನ್ನು ಮುಟ್ಟದೆ ಹೋಗುವುದರಿಂದ ಸುಣ್ಣ ಮತ್ತು ಕಬ್ಬಿಣಗಳ ಹೀರಿಕೆ ಕಡಿಮೆಯಾಗುತ್ತದೆ. ದೇಹದ ಭಾರ ಇಳಿದುದರಿಂದ ಮೂಳೆಯ ಮೇಲಿನ ಒತ್ತಡವೂ ಇಳಿಯುತ್ತದೆ. ಸೊಂಟದ ಮೂಳೆಯ ಸಾಂದ್ರತೆ ವರ್ಷದೊಳಗೆ ಕುಗ್ಗುವುದನ್ನು ಅಳೆದಿದ್ದಾರೆ. ಭಾರದ ಸಾಮು ಮಾಡಿದವರಲ್ಲಿ ಈ ಕುಗ್ಗುವಿಕೆ ಕಡಿಮೆಯೆಂದೂ ಕಂಡಿದೆ. ಸುಣ್ಣ, ಡಿ ಮತ್ತು ಬಿ-12 ಜೀವಸತ್ವಗಳ ಗುಳಿಗೆಗಳನ್ನು ಮಾತ್ರ ಸಾಮು ಮಾಡಿದವನೂ ಜೀವಮಾನವೆಲ್ಲ ನುಂಗುತ್ತಿರಬೇಕು.

ಮಾಂಸಖಂಡ ಉಳಿಯಿತೇ ಹೋಯಿತೇ ಎಂಬುದನ್ನು ಮನೆಯಲ್ಲಿಯೇ ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕುರ್ಚಿಯಿಂದ 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕುಳಿತೆನೆಂದು ಎಣಿಸುವುದು. ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೆ ವೈದ್ಯರ ಅನುಮತಿಯಾದ ದಿನ, ಅಲ್ಲಿಂದ ತಿಂಗಳಿಗೊಮ್ಮೆ, ತೂಕವನ್ನು ಬರೆದಿಡುವ ಪುಸ್ತಕದಲ್ಲಿಯೇ ಪಕ್ಕದ ಸಾಲಿನಲ್ಲಿ ಈ ಸಂಖ್ಯೆಯನ್ನೂ ಬರೆಯಬೇಕು. ತೂಕ ಇಳಿಯುತ್ತಿರುವಾಗ ಈ ಅಂಕ ಏರಬೇಕು, ಇಲ್ಲವೇ ಇದ್ದಲ್ಲಿ ನಿಲ್ಲಬೇಕು. ಎರಡೂ ಒಟ್ಟಿಗೆ ಇಳಿಯುತ್ತಿದ್ದರೆ ಆ ಪುಸ್ತಕವನ್ನು ತೆಗೆದುಕೊಂಡು ವೈದ್ಯರನ್ನೂ ಶಿಕ್ಷಕನನ್ನೂ ಕಾಣತಕ್ಕದ್ದು.